ಬೇ ರಮ್: ಕ್ಷೌರಾನಂತರದ ಹಳೆಯ ಸುಗಂಧದ್ರವವನ್ನು ತಯಾರಿಸುವ ಮತ್ತು ಬಳಸುವ ಕ್ರಮ

ಬೇ ರಮ್ ಎಂಬುದು ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕ್ಷೌರದಂಗಡಿಗಳ ಕಪಾಟನ್ನು ಸೇರಿದ ಸುಗಂಧದ್ರವ. ಗಡ್ಡ ಹೆರೆದ ಮೇಲೆ ಕೆನ್ನೆಗೆ ತಟ್ಟಿಕೊಳ್ಳಲು, ತಲೆಗೂದಲಿಗೆ ಸವರಲು, ಬೇಸಗೆಯಲ್ಲಿ ಕುತ್ತಿಗೆ ಮತ್ತು ತೋಳುಗಳನ್ನು ತಂಪು ಮಾಡಿಕೊಳ್ಳಲು ಒಂದೇ ಸೀಸೆಯನ್ನು ಬಳಸುತ್ತಿದ್ದರು. ಅದರಲ್ಲಿರುವುದು ಮುಖ್ಯವಾಗಿ ಮೂರು ವಸ್ತು: ಒಂದು ಮರದ ಎಲೆಯ ತೈಲ, ಮದ್ಯಸಾರ ಮತ್ತು ನೀರು. ಹೆಸರಿನಲ್ಲಿ ರಮ್ ಇದ್ದರೂ ಪರಿಮಳದಲ್ಲಿ ಅದರ ಪಾಲು ಬಹಳ ಕಡಿಮೆ. ಎಲೆಯ ಗುಣ ಮತ್ತು ಮದ್ಯಸಾರ–ನೀರುಗಳ ಅನುಪಾತ ಇವೆರಡೇ ಬೇ ರಮ್‌ನ ಯೋಗ್ಯತೆಯನ್ನು ನಿರ್ಧರಿಸುತ್ತವೆ. ಇಂದು ಮನೆಯಲ್ಲಿ ತಯಾರಿಸುವವರು ಈ ಎರಡನ್ನು ಬಿಟ್ಟು ಲವಂಗ, ಚಕ್ಕೆ, ಜಾಯಿಕಾಯಿ ಮುಂತಾದವನ್ನು ಧಾರಾಳವಾಗಿ ಸೇರಿಸುತ್ತಾರೆ. ಅದರಿಂದ ದೊರೆಯುವುದು ಮಸಾಲೆಯ ಕಷಾಯವೇ ಹೊರತು ಬೇ ರಮ್ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವಿಕರು ಈ ಎಲೆಗಳನ್ನು ರಮ್‌ನಲ್ಲಿ ನೆನೆಸಿ ಮೈಗೆ ಉಜ್ಜಿಕೊಳ್ಳುತ್ತಿದ್ದರೆಂಬ ಕಥೆ ಎಲ್ಲೆಡೆ ಪ್ರಚಲಿತವಾಗಿದೆ. ಆದರೆ ಅದನ್ನು ವ್ಯಾಪಾರದ ಸರಕಾಗಿಸಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಡೆನ್ಮಾರ್ಕಿನಿಂದ 1838ರಲ್ಲಿ ಸೇಂಟ್ ಥಾಮಸ್ ದ್ವೀಪಕ್ಕೆ ಬಂದು ಔಷಧದ ಅಂಗಡಿ ನಡೆಸಿದ ಆಲ್ಬರ್ಟ್ ಹೈನ್‌ರಿಕ್ ರೀಸೆ ಎಂಬ ಔಷಧಗಾರನಿಗೆ. ಆ ದ್ವೀಪವೂ ಪಕ್ಕದ ಸೇಂಟ್ ಜಾನ್ ದ್ವೀಪವೂ ಆಗ ಡೆನ್ಮಾರ್ಕಿನ ಅಧೀನದಲ್ಲಿದ್ದವು. 1917ರಲ್ಲಿ ಅಮೆರಿಕ 2.5 ಕೋಟಿ ಡಾಲರ್ ತೆತ್ತು ಅವನ್ನು ಕೊಂಡುಕೊಂಡಿತು. ಸೇಂಟ್ ಜಾನ್‌ನ ಬೆಟ್ಟಗಳಲ್ಲಿ ಎಲೆ ಕೊಯ್ದು, ಬಟ್ಟಿ ಇಳಿಸಿ, ತೈಲವನ್ನು ಸೇಂಟ್ ಥಾಮಸ್‌ಗೆ ಸಾಗಿಸಲಾಗುತ್ತಿತ್ತು. ಸೇಂಟ್ ಜಾನ್‌ನ ಸಿನಮನ್ ಬೇ ಎಂಬಲ್ಲಿ ಸಕ್ಕರೆ ಕಾರ್ಖಾನೆಯ ಅವಶೇಷಗಳ ನಡುವೆ ಬೇ ರಮ್ ಭಟ್ಟಿಯ ಕುರುಹುಗಳು ಇಂದಿಗೂ ಉಳಿದಿವೆ. ಈಗ ಜಗತ್ತಿನ ಬೇ ತೈಲದ ಬಹುಪಾಲು ಬರುವುದು ಡೊಮಿನಿಕಾ ದ್ವೀಪದಿಂದ. ಅಲ್ಲಿ ಈ ಕಸುಬಿನ ಕೇಂದ್ರವಾಗಿದ್ದ ಪೆಟಿಟ್ ಸವಾನ್ ಎಂಬ ಹಳ್ಳಿಯನ್ನು 2015ರ ಆಗಸ್ಟ್‌ನಲ್ಲಿ ಎರಿಕಾ ಚಂಡಮಾರುತದ ಮಳೆಗೆ ಗುಡ್ಡ ಕುಸಿದ ಮೇಲೆ ಪೂರ್ತಿಯಾಗಿ ತೆರವುಗೊಳಿಸಬೇಕಾಯಿತು. 2017ರಲ್ಲಿ ಮರಿಯಾ ಚಂಡಮಾರುತ ದ್ವೀಪವನ್ನು ಇನ್ನೊಮ್ಮೆ ಬಡಿಯಿತು. ಇಷ್ಟೊಂದು ಚಿಕ್ಕ ನೆಲದಿಂದ ಬರುವ ಸರಕಾದ್ದರಿಂದಲೇ ಅಪ್ಪಟ ಬೇ ತೈಲ ಅಗ್ಗವಾಗಿ ಸಿಗಲಿ ಎಂದು ಯಾರೂ ನಿರೀಕ್ಷಿಸಬಾರದು.

ಎಲೆಯನ್ನು ಗುರುತಿಸುವುದು

ಗೊಂದಲ ಹೆಚ್ಚಾಗುವುದು ಇಲ್ಲಿಯೇ. ನಮ್ಮ ಅಡುಗೆಮನೆಯಲ್ಲಿ ಪಲಾವ್ ಎಲೆ ಎಂದು ಬಳಸುವುದು ದಾಲ್ಚಿನ್ನಿ ಕುಲದ ಸಿನಮೋಮಮ್ ತಮಾಲ ಎಂಬ ಮರದ ಎಲೆ. ಉದ್ದಕ್ಕೂ ಸಾಗುವ ಮೂರು ನರಗಳಿಂದ ಅದನ್ನು ಸುಲಭವಾಗಿ ಗುರುತಿಸಬಹುದು. ಯುರೋಪಿನ ಅಡುಗೆಯಲ್ಲಿ ಬೇ ಎಲೆ ಎನಿಸಿಕೊಳ್ಳುವುದು ಲಾರಸ್ ನೊಬಿಲಿಸ್ ಎಂಬ ಬೇರೆಯೇ ಮರದ್ದು. ಅದರ ತೈಲದಲ್ಲಿ ನೀಲಗಿರಿ ಎಣ್ಣೆಯ ಮುಖ್ಯ ಘಟಕವಾದ ಸಿನಿಯೋಲ್ ಪ್ರಧಾನವಾಗಿರುತ್ತದೆ. ಬೇ ರಮ್‌ಗೆ ಬೇಕಾದದ್ದು ಇವೆರಡೂ ಅಲ್ಲ. ಅದು ನೇರಳೆ ಮತ್ತು ಲವಂಗಗಳ ಕುಟುಂಬಕ್ಕೆ ಸೇರಿದ ಪಿಮೆಂಟ ರೇಸಿಮೋಸ ಎಂಬ ಮರ. ತೈಲವನ್ನು ಕೊಳ್ಳುವಾಗ ಸೀಸೆಯ ಮೇಲೆ ಈ ಸಸ್ಯನಾಮ ಮುದ್ರಿತವಾಗಿದೆಯೇ ಎಂದು ನೋಡಲೇಬೇಕು. ಬರಿದೇ ಬೇ ಎಂದೋ ಬೇ ಲಾರೆಲ್ ಎಂದೋ ಬರೆದಿದ್ದರೆ ಅದನ್ನು ಬಿಟ್ಟುಬಿಡುವುದು ಲೇಸು.

ಪಿಮೆಂಟ ರೇಸಿಮೋಸದ ಎಲೆ ದಪ್ಪಗೆ, ತೊಗಲಿನಂತೆ ಗಡುಸಾಗಿ, ಮೇಲ್ಭಾಗದಲ್ಲಿ ಹೊಳಪಿನಿಂದ ಕೂಡಿರುತ್ತದೆ. ಬೆರಳಲ್ಲಿ ಮಡಿಸಿದಾಗ ಮೊದಲು ಮೂಗಿಗೆ ತಟ್ಟುವುದು ಲವಂಗದ ಕಾರ. ಏಕೆಂದರೆ ಲವಂಗದ ಮುಖ್ಯ ಘಟಕವಾದ ಯೂಜಿನಾಲ್ ಈ ತೈಲದ ಸುಮಾರು ಅರ್ಧದಷ್ಟು ಇರುತ್ತದೆ. ಆ ಕಾರ ತಣಿಯುತ್ತಿದ್ದಂತೆ ಅದರ ಬೆನ್ನಿಗೇ ಹಸಿರು ಮಿಶ್ರಿತವಾದ, ಸ್ವಲ್ಪ ಅಂಟಂಟಾದ, ಎಳೆ ಮಾವಿನಕಾಯಿಯ ಸೊನೆಯಂಥ ವಾಸನೆ ಏಳುತ್ತದೆ. ಇದಕ್ಕೆ ಕಾರಣ ಮಿರ್ಸೀನ್ ಎಂಬ ಘಟಕ. ಮಾವಿನ ಹಲವು ತಳಿಗಳ ಪರಿಮಳದಲ್ಲಿಯೂ ಅದೇ ಇದೆ. ಯೂಜಿನಾಲ್ ಮತ್ತು ಮಿರ್ಸೀನ್‌ಗಳ ಈ ಜೋಡಿಯೇ ಬೇ ರಮ್‌ನ ಜೀವಾಳ. ಆದ್ದರಿಂದ ಬರಿಯ ಲವಂಗವನ್ನು ನೆನೆಸಿದರೆ ಜೋಡಿಯ ಒಂದು ಭಾಗ ಮಾತ್ರ ದೊರೆತು, ಮುಖದ ಮೇಲೆ ದಂತವೈದ್ಯರ ಕೋಣೆಯ ವಾಸನೆ ನಿಲ್ಲುತ್ತದೆ. ಹಲ್ಲಿನ ತಾತ್ಕಾಲಿಕ ಸಿಮೆಂಟಿಗೆ ಅವರು ಬಳಸುವುದು ಇದೇ ಯೂಜಿನಾಲನ್ನು.

ಕರ್ನಾಟಕದಲ್ಲಿ ಈ ಮರ ಅಪರೂಪ. ಆದರೆ ಇದೇ ಕುಲದ ಇನ್ನೊಂದು ಮರವಾದ ಪಿಮೆಂಟ ಡಯೋಯಿಕ, ಅಂದರೆ ಆಲ್‌ಸ್ಪೈಸ್, ಮಲೆನಾಡು ಮತ್ತು ಕರಾವಳಿಯ ಅನೇಕ ಮನೆಗಳ ಹಿತ್ತಿಲಿನಲ್ಲಿದೆ. ಕೆಲವೆಡೆ ಅದನ್ನು ಸರ್ವಸಾಂಬಾರದ ಗಿಡ ಎನ್ನುತ್ತಾರೆ. ಅದರ ಎಲೆಯಲ್ಲಿಯೂ ಯೂಜಿನಾಲ್ ಹೇರಳವಾಗಿದೆ, ಮಿರ್ಸೀನ್‌ನ ಪಾಲು ಮಾತ್ರ ಕಡಿಮೆ. ಅಪ್ಪಟ ಎಲೆ ದೊರೆಯದಾಗ ಇದಕ್ಕಿಂತ ಹತ್ತಿರದ ಬದಲಿ ಇನ್ನೊಂದಿಲ್ಲ. ಪಲಾವ್ ಎಲೆಯನ್ನು ಎಷ್ಟು ಹಾಕಿದರೂ ಈ ಪರಿಮಳ ಬರುವುದಿಲ್ಲ.

ಮದ್ಯಸಾರದ ವಿಷಯ

ಸಾರತೈಲಗಳು ಬಲವಾದ ಮದ್ಯಸಾರದಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಹೀಗಾಗಿ ನೀರಿನ ಪಾಲು ಒಂದು ಮಿತಿಯನ್ನು ದಾಟಿದೊಡನೆ ತೈಲ ಸೂಕ್ಷ್ಮ ಹನಿಗಳಾಗಿ ಬೇರ್ಪಟ್ಟು ದ್ರವ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮಲ್ಲಿ ಮಾರುವ ರಮ್‌ನಲ್ಲಿ ಮದ್ಯಸಾರ ಸಾಮಾನ್ಯವಾಗಿ 42.8% ಇರುತ್ತದೆ, ಎಲೆಯನ್ನು ನೆನೆಸಲು ಅಷ್ಟು ಸಾಕು, ತೈಲವನ್ನು ಕರಗಿಸಲು ಸಾಲದು. ತೈಲದಿಂದ ತಯಾರಿಸುವವರಿಗೆ 95%ದಷ್ಟು ಬಲದ ಎಥೈಲ್ ಮದ್ಯಸಾರ ಬೇಕು. ಭಾರತದಲ್ಲಿ ಅದರ ಮಾರಾಟ ಅಬಕಾರಿ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಸುಗಂಧದ್ರವ್ಯ ತಯಾರಿಕೆಗೆಂದೇ ಸಿದ್ಧಪಡಿಸಿದ, ಘಟಕಗಳ ವಿವರವನ್ನು ಸ್ಪಷ್ಟವಾಗಿ ನಮೂದಿಸಿದ ಮದ್ಯಸಾರವನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ 95% ಬಲದ ಧಾನ್ಯದ ಮದ್ಯಸಾರ ಮದ್ಯದಂಗಡಿಯಲ್ಲಿಯೇ ದೊರೆಯುವುದರಿಂದ ಅಲ್ಲಿರುವ ಕನ್ನಡಿಗರಿಗೆ ಈ ತೊಡಕು ಕಡಿಮೆ.

ಮರಗೆಲಸದ ಪಾಲಿಶ್‌ಗೆ ಬಳಸುವ ಡಿನೇಚರ್ಡ್ ಸ್ಪಿರಿಟನ್ನು ಯಾವ ಕಾರಣಕ್ಕೂ ಉಪಯೋಗಿಸಕೂಡದು. ಅದರಲ್ಲಿ ಮೆಥನಾಲ್ ಇರುವ ಸಂಭವವಿದ್ದು, ಮೆಥನಾಲ್ ಚರ್ಮದ ಮೂಲಕವೂ ದೇಹವನ್ನು ಸೇರುವ ವಿಷ. ಸರ್ಜಿಕಲ್ ಸ್ಪಿರಿಟ್ ಮತ್ತು ಸ್ಯಾನಿಟೈಜರ್‌ಗಳೂ ಈ ಕೆಲಸಕ್ಕೆ ಸಲ್ಲವು. ಮನೆಯಲ್ಲಿಯೇ ಮದ್ಯಸಾರವನ್ನು ಬಟ್ಟಿ ಇಳಿಸುವ ಆಲೋಚನೆಯಂತೂ ಬೇಡವೇ ಬೇಡ: ಅದು ಕಾನೂನಿನ ದೃಷ್ಟಿಯಲ್ಲಿ ಅಪರಾಧ, ಬೆಂಕಿಯ ದೃಷ್ಟಿಯಲ್ಲಿ ಅಪಾಯ.

ತೈಲದಿಂದ ತಯಾರಿಸುವ ಕ್ರಮ

ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು 1880ರ ಅಮೆರಿಕದ ಔಷಧಕೋಶದಲ್ಲಿ ಬೇ ರಮ್‌ಗೆ ಕೊಟ್ಟ ಪ್ರಮಾಣವನ್ನು. ಅಲ್ಲಿ ಎಲ್ಲವನ್ನೂ ತೂಕದಲ್ಲಿ ಹೇಳಲಾಗಿದೆ: ಬೇ ತೈಲ 16 ಪಾಲು, ಕಿತ್ತಳೆ ಸಿಪ್ಪೆಯ ತೈಲ 1 ಪಾಲು, ಆಲ್‌ಸ್ಪೈಸ್ ತೈಲ 1 ಪಾಲು, ಮದ್ಯಸಾರ 1000 ಪಾಲು, ನೀರು 782 ಪಾಲು, ಒಟ್ಟು 1800 ಪಾಲು. ಗಮನಿಸಬೇಕಾದದ್ದು ಇದರಲ್ಲಿರುವ ಸಂಯಮವನ್ನು. ಮೂರೂ ತೈಲಗಳನ್ನು ಕೂಡಿಸಿದರೂ ಒಟ್ಟು ದ್ರವದ 1%ಕ್ಕಿಂತ ಹೆಚ್ಚಾಗುವುದಿಲ್ಲ, ಲವಂಗದ ಮತ್ತು ಚಕ್ಕೆಯ ಹೆಸರೇ ಇಲ್ಲ, ಕಿತ್ತಳೆಯಂತೂ ಬೇ ತೈಲದ ಹದಿನಾರನೆಯ ಒಂದು ಭಾಗ ಮಾತ್ರ.

ಮನೆಯ ಬಳಕೆಗೆ ಇದನ್ನು ಹತ್ತನೆಯ ಒಂದಕ್ಕೆ ಇಳಿಸಿ 180 ಗ್ರಾಂ ತಯಾರಿಸಿದರೆ ಸಾಕು. ಬೇ ತೈಲ 1.6 ಗ್ರಾಂ, ಕಿತ್ತಳೆ ತೈಲ 0.1 ಗ್ರಾಂ, ಆಲ್‌ಸ್ಪೈಸ್ ತೈಲ 0.1 ಗ್ರಾಂ, ಮದ್ಯಸಾರ 100 ಗ್ರಾಂ, ನೀರು 78 ಗ್ರಾಂ. ಇಷ್ಟು ಸಣ್ಣ ತೂಕಗಳಿಗೆ ಅಡುಗೆಮನೆಯ ತಕ್ಕಡಿ ಉಪಯೋಗಕ್ಕೆ ಬರುವುದಿಲ್ಲ, 0.01 ಗ್ರಾಂವರೆಗೆ ತೋರಿಸುವ, ಚಿನ್ನ ತೂಗುವ ಬಗೆಯ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಅದಿಲ್ಲದಿದ್ದರೆ ಕಿತ್ತಳೆ ಮತ್ತು ಆಲ್‌ಸ್ಪೈಸ್ ತೈಲಗಳನ್ನು ತಲಾ ಮೂರು ಹನಿ ಎಂದು ಎಣಿಸಿಕೊಳ್ಳಬಹುದು. ಆಲ್‌ಸ್ಪೈಸ್ ತೈಲ ಸಿಗದಿದ್ದರೆ ಅದನ್ನು ಪೂರ್ತಿ ಬಿಟ್ಟರೂ ಬಾಧಕವಿಲ್ಲ. ಕಿತ್ತಳೆಯ ಬದಲು ನಿಂಬೆಯನ್ನು ಹಾಕುವ ಆಸೆ ನಮ್ಮವರಿಗೆ ಸಹಜವಾಗಿಯೇ ಬರುತ್ತದೆ, ಆದರೆ ಸಿಪ್ಪೆಯನ್ನು ಹಿಂಡಿ ತೆಗೆದ ನಿಂಬೆ ತೈಲ ಸವರಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂಥ ಕಲೆಗಳಾಗುವ ಸಾಧ್ಯತೆಯಿದೆ. ಸಿಹಿ ಕಿತ್ತಳೆಯ ತೈಲಕ್ಕೆ ಆ ದೋಷವಿಲ್ಲ.

ಪಾತ್ರೆ ಗಾಜಿನದಾಗಿರಲಿ. ಯೂಜಿನಾಲ್ ಕಬ್ಬಿಣದ ಸಂಪರ್ಕಕ್ಕೆ ಬಂದರೆ ಕಪ್ಪಾಗುತ್ತದೆ, ಕೆಲವು ಬಗೆಯ ಪ್ಲಾಸ್ಟಿಕನ್ನು ಮೆದುಗೊಳಿಸುತ್ತದೆ. ನೀರು ಡಿಸ್ಟಿಲ್ಡ್ ಆಗಿರಬೇಕು. ಕೊಳವೆಬಾವಿಯ ಗಡಸು ನೀರನ್ನು ಹಾಕಿದರೆ ಅದರಲ್ಲಿರುವ ಲವಣಗಳು ಮದ್ಯಸಾರದಲ್ಲಿ ನಿಲ್ಲಲಾರದೆ ತಳದಲ್ಲಿ ಬಿಳಿಯ ಗಷ್ಟಾಗಿ ಇಳಿಯುತ್ತವೆ. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರದಲ್ಲಿರಬಾರದು.

ಮೊದಲು ತೈಲಗಳನ್ನೆಲ್ಲ ಮದ್ಯಸಾರಕ್ಕೆ ಹಾಕಿ, ದ್ರವ ತಿಳಿಯಾಗುವವರೆಗೆ ಸೀಸೆಯನ್ನು ಮೆಲ್ಲನೆ ತಿರುಗಿಸಬೇಕು. ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು; ಈ ಕ್ರಮವನ್ನು ತಿರುವುಮುರುವು ಮಾಡಕೂಡದು. ನೀರು ಬಿದ್ದ ಜಾಗದಲ್ಲಿ ಬಿಳಿಯ ಎಳೆಯೊಂದು ಹೊಗೆಯಾಡಿದಂತೆ ಹರಡಿ, ಅಲುಗಿಸಿದೊಡನೆ ಮಾಯವಾಗುತ್ತದೆ. ಸೀಸೆಯನ್ನು ಹಿಡಿದ ಕೈಗೆ ತುಸು ಬೆಚ್ಚನೆಯ ಅನುಭವವೂ ಆಗುತ್ತದೆ, ಏಕೆಂದರೆ ನೀರು ಮತ್ತು ಮದ್ಯಸಾರ ಬೆರೆಯುವಾಗ ಶಾಖ ಹೊರಬೀಳುತ್ತದೆ. ಕೊನೆಯ ಪಾಲು ನೀರಿಗೆ ಬರುವ ಹೊತ್ತಿಗೆ ಆ ಬಿಳಿಯ ಎಳೆ ಮಾಯವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮಾಯವಾಗದೆ ಮಬ್ಬಾಗಿಯೇ ಉಳಿಯತೊಡಗಿದರೆ ಅಲ್ಲಿಗೆ ನೀರನ್ನು ನಿಲ್ಲಿಸಬೇಕು. ಮೇಲಿನ ಪ್ರಮಾಣದಲ್ಲಿ ಸಿದ್ಧವಾದ ದ್ರವದಲ್ಲಿ ಮದ್ಯಸಾರ ಗಾತ್ರದ ಲೆಕ್ಕದಲ್ಲಿ 60%ದ ಆಸುಪಾಸಿನಲ್ಲಿರುತ್ತದೆ. ಹಳೆಯ ಔಷಧಗಾರರು ಆ ಬಲವನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಈ ಮಬ್ಬನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಿರಡೆಯನ್ನು ಬಿಗಿಯಾಗಿ ಹಾಕಿ ಎಂಟು ದಿನ ಕತ್ತಲೆಯಲ್ಲಿಟ್ಟು, ನಂತರ ಕಾಫಿ ಸೋಸುವ ಕಾಗದದಲ್ಲಿ ಸೋಸಬೇಕು. ಮಬ್ಬು ಉಳಿದಿದ್ದರೆ ಪರಿಮಳವಿಲ್ಲದ ಟಾಲ್ಕ್ ಪುಡಿಯನ್ನು ಅರ್ಧ ಚಮಚದಷ್ಟು ಹಾಕಿ ಕುಲುಕಿ, ಒಂದು ದಿನ ಬಿಟ್ಟು ಮತ್ತೆ ಸೋಸಿದರೆ ತಿಳಿಯಾಗುತ್ತದೆ. ಸೋಸುವಾಗ ಲಾಳಿಕೆಯನ್ನು ಮುಚ್ಚಿಡದಿದ್ದರೆ ಮದ್ಯಸಾರ ಹಾರಿಹೋಗಿ, ಸೋಸಿದ್ದೇ ಮತ್ತೆ ಮಬ್ಬಾಗುತ್ತದೆ.

ಎಲೆಯನ್ನು ನೆನೆಸಿ ತಯಾರಿಸುವ ಕ್ರಮ

ಬಲವಾದ ಮದ್ಯಸಾರ ಸಿಗದವರಿಗೆ ಇದು ಅನುಕೂಲಕರ. ಪರಿಮಳ ತೈಲದ್ದಕ್ಕಿಂತ ಮೃದುವಾಗಿರುತ್ತದೆ, ಬೇಗ ಆರಿಹೋಗುತ್ತದೆ. ಬಿಳಿ ರಮ್ 250 ಮಿಲಿ, ನೆರಳಿನಲ್ಲಿ ಒಣಗಿಸಿದ ಎಲೆ 20 ಗ್ರಾಂ, ಜಜ್ಜಿದ ಆಲ್‌ಸ್ಪೈಸ್ ಕಾಳು ನಾಲ್ಕೈದು, ಬೇಕಿದ್ದರೆ ಒಂದೇ ಒಂದು ಲವಂಗ. ಚಕ್ಕೆಯನ್ನು ಹಾಕಲೇಬೇಕೆನ್ನುವವರು ಉಗುರಿನಷ್ಟು ತುಂಡನ್ನು ಹಾಕಿ ವಾರದೊಳಗೆ ತೆಗೆಯಬೇಕು. ಚಕ್ಕೆಯ ಎಣ್ಣೆಯನ್ನಂತೂ ಮುಟ್ಟಬಾರದು, ಹೆರೆದ ಚರ್ಮವನ್ನು ಅದರಷ್ಟು ಕೆರಳಿಸುವ ಮಸಾಲೆ ಮತ್ತೊಂದಿಲ್ಲವೆನ್ನಬಹುದು. ಹಸಿ ಎಲೆಯಾದರೆ ಒಂದೆರಡು ದಿನ ಬಾಡಲು ಬಿಡಬೇಕು, ಇಲ್ಲವಾದರೆ ಅದರ ನೀರು ಸೇರಿ ರಮ್‌ನ ಬಲ ಕುಂದುತ್ತದೆ. ಕಪ್ಪು ರಮ್ ಬಳಸಿದರೆ ಅದರಲ್ಲಿರುವ ಸುಟ್ಟ ಸಕ್ಕರೆಯ ಬಣ್ಣದಿಂದ ಮುಖ ಅಂಟಂಟಾಗುವುದಲ್ಲದೆ ಬಿಳಿ ಅಂಗಿಯ ಕಾಲರಿಗೂ ಕಲೆ ಹತ್ತುತ್ತದೆ.

ಎಲೆಗಳನ್ನು ಕೈಯಿಂದ ಹರಿದು ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ಪೂರ್ತಿ ಮುಳುಗುವಂತೆ ರಮ್ ಸುರಿದು, ಬಿಸಿಲು ತಾಗದಲ್ಲಿ ಮೂರರಿಂದ ನಾಲ್ಕು ವಾರ ಇಡಬೇಕು. ದಿನಕ್ಕೊಮ್ಮೆ ಕುಲುಕಿದರೆ ಸಾಕು. ಕಿತ್ತಳೆ ಸಿಪ್ಪೆಯನ್ನು, ಒಳಗಿನ ಬಿಳಿ ಭಾಗವನ್ನು ಹೆರೆದು ತೆಗೆದು, ಕೊನೆಯ ಮೂರು ದಿನ ಮಾತ್ರ ಹಾಕಬೇಕು. ಕೊಡಗಿನ ಕಿತ್ತಳೆ ಸಿಕ್ಕರೆ ಅದರ ತೆಳು ಸಿಪ್ಪೆ ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಬಟ್ಟೆಯಲ್ಲಿ ಹಿಂಡಿ, ಕಾಗದದಲ್ಲಿ ಸೋಸಿ, ಸೀಸೆಗೆ ತುಂಬಬಹುದು. ಹಸಿರು ಛಾಯೆಯ ಕಂದು ಬಣ್ಣ ಎಲೆಯಿಂದ ಬಂದದ್ದು. ಅದನ್ನು ತೆಗೆಯುವ ಪ್ರಯತ್ನ ಬೇಡ. ಪರಿಮಳ ಸಾಲದೆನಿಸಿದರೆ ಇದಕ್ಕೆ ತೈಲದ ಹನಿಗಳನ್ನು ಸೇರಿಸಬಾರದು, ಹೊಸ ಎಲೆ ಹಾಕಿ ಮತ್ತೆ ನೆನೆಸಬೇಕು. ಕಡಿಮೆ ಬಲದ ರಮ್‌ನಲ್ಲಿ ತೈಲ ಕರಗದೆ ಬೇರ್ಪಟ್ಟು, ಆ ಹನಿ ನೇರವಾಗಿ ಕೆನ್ನೆಗೆ ತಾಗಿದರೆ ಚರ್ಮ ಉರಿದು ಕೆಂಪಾಗುತ್ತದೆ.

ಬಳಸುವಾಗ

ಯೂಜಿನಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಸುಗಂಧದ್ರವ್ಯಗಳ ಅಂತರರಾಷ್ಟ್ರೀಯ ಸಂಘವೂ ಅದರ ಬಳಕೆಗೆ ಮಿತಿ ಹಾಕಿದೆ. ಮೊಳಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ, ಒಂದು ದಿನ ಕಾದು, ತುರಿಕೆಯಾಗಲಿ ಕೆಂಪಾಗಲಿ ಕಾಣಿಸದಿದ್ದರೆ ಮಾತ್ರ ಮುಖಕ್ಕೆ ಉಪಯೋಗಿಸಬೇಕು. ಮೊಡವೆ, ಗಾಯ, ಇಸಬು ಇರುವವರು ಇದರಿಂದ ದೂರವಿರುವುದು ಒಳಿತು. ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಮತ್ತು ಸೀಸೆಯ ಮೇಲೆ ಕುಡಿಯಲು ಅಲ್ಲ ಎಂದು ಬರೆದಂಟಿಸಬೇಕು. ಇದು ಅತಿಯಾದ ಎಚ್ಚರಿಕೆಯೇನಲ್ಲ: 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಅಮೆರಿಕದಲ್ಲಿ ಬೇ ರಮ್ ಕುಡಿದು ಕೆಟ್ಟವರಿದ್ದರು.

ಕ್ಷೌರ ಮುಗಿದ ಮೇಲೆ ಮುಖವನ್ನು ತಣ್ಣೀರಿನಲ್ಲಿ ತೊಳೆಯಬೇಕು. ನಮ್ಮ ಕ್ಷೌರದಂಗಡಿಗಳಲ್ಲಿ ಮಾಡುವಂತೆ ಪಟಿಕದ ಗಟ್ಟಿಯನ್ನು ಉಜ್ಜುವ ರೂಢಿಯಿದ್ದರೆ ಅದನ್ನು ಬಿಡಬೇಕಾಗಿಲ್ಲ. ಆದರೆ ಉಜ್ಜಿದ ಒಂದು ನಿಮಿಷದ ನಂತರ ತೊಳೆದು, ಮುಖವನ್ನು ಒತ್ತಿ ಒರೆಸಿದ ಮೇಲೆಯೇ ಬೇ ರಮ್ ಹಚ್ಚಬೇಕು. ಪಟಿಕವೂ ಮದ್ಯಸಾರವೂ ಚರ್ಮವನ್ನು ಬಿಗಿಗೊಳಿಸುವ ವಸ್ತುಗಳಾದ್ದರಿಂದ ಒಂದರ ಮೇಲೊಂದು ಬಿದ್ದರೆ ಕೆನ್ನೆ ಒಣಗಿ ಹೊಟ್ಟೇಳುತ್ತದೆ. ಅಂಗೈಗೆ ಒಂದು ಚಿಕ್ಕ ಚಮಚದ ಅರ್ಧದಷ್ಟು ಸುರಿದುಕೊಂಡು, ಎರಡೂ ಕೈಗಳಿಗೆ ಹರಡಿ, ಉಜ್ಜದೆ ಕೆನ್ನೆ–ಗಲ್ಲಗಳಿಗೆ ತಟ್ಟಿಕೊಂಡರೆ ಸಾಕು. ಹತ್ತು ಎಣಿಸುವಷ್ಟು ಹೊತ್ತು ಚುರುಗುಡುವುದು ಸಹಜ. ನಿಮಿಷ ಕಳೆದರೂ ಉರಿ ನಿಲ್ಲದಿದ್ದರೆ ನೀರಿನಲ್ಲಿ ತೊಳೆದು, ಮುಂದಿನ ಸಲ ದ್ರವವನ್ನು ತೆಳುಗೊಳಿಸಬೇಕು. ಕಣ್ಣು ಮತ್ತು ತುಟಿಗಳ ಬಳಿಗೆ ಒಯ್ಯಬಾರದು, ಪೂರ್ತಿ ಆರುವವರೆಗೆ ಕಡ್ಡಿ ಗೀರಬಾರದು.

ಒಣ ಚರ್ಮದವರು 100 ಮಿಲಿಗೆ 1 ರಿಂದ 2 ಮಿಲಿ ಗ್ಲಿಸರಿನ್ ಸೇರಿಸಿಕೊಳ್ಳಬಹುದು. ಕಲಬುರಗಿ, ವಿಜಯಪುರಗಳ ಚಳಿಗಾಲದ ಒಣಗಾಳಿಗೆ ಇದು ಹಿತವೆನಿಸುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದೇ ಗ್ಲಿಸರಿನ್ ಬೆವರಿನೊಡನೆ ಸೇರಿ ಜಿಗುಟಾಗುವುದರಿಂದ ಅಲ್ಲಿ ಅದನ್ನು ಬಿಡುವುದೇ ಸರಿ.

ಕೊಲೋನ್ ಆಗಿ ಬಳಸಲು ಬಯಸುವವರು ತೈಲದ ಪಾಲನ್ನು ದುಪ್ಪಟ್ಟು, ಅಂದರೆ 2%ರ ಹತ್ತಿರಕ್ಕೆ ಏರಿಸಿ, ಮದ್ಯಸಾರವನ್ನೂ 75%ದಷ್ಟಕ್ಕೆ ಹೆಚ್ಚಿಸಿಕೊಳ್ಳಬಹುದು. ಅದಕ್ಕಿಂತ ಮುಂದೆ ಹೋಗುವುದು ಚರ್ಮಕ್ಕೂ ಒಳ್ಳೆಯದಲ್ಲ, ಪಕ್ಕದಲ್ಲಿ ಕೂತವರಿಗೂ ಒಳ್ಳೆಯದಲ್ಲ. ಈ ಗಟ್ಟಿ ದ್ರವವನ್ನು ಹೊಸದಾಗಿ ಹೆರೆದ ಮುಖಕ್ಕೆ ಹಚ್ಚದೆ ಎದೆಗೆ, ಕುತ್ತಿಗೆಯ ಹಿಂಭಾಗಕ್ಕೆ ಹಚ್ಚಬೇಕು. ಬೇ ರಮ್ ದಿನವಿಡೀ ನಿಲ್ಲುವ ಸುಗಂಧವಲ್ಲ. ಮಿರ್ಸೀನ್ ಮೊದಲ ಅರ್ಧಗಂಟೆಯಲ್ಲಿಯೇ ಹಾರಿ, ಲವಂಗದ ನೆರಳು ಒಂದೆರಡು ಗಂಟೆ ಉಳಿಯುತ್ತದೆ, ಅಷ್ಟೆ. ಹೆಚ್ಚು ಹೊತ್ತು ಬೇಕೆಂದು ಚಂದನದ ತೈಲವನ್ನು ಸೇರಿಸುವವರಿದ್ದಾರೆ. ಪರಿಮಳ ಸೊಗಸಾಗಿಯೇ ಇರುತ್ತದೆ, ಆದರೆ ಅದು ಬೇರೊಂದು ದ್ರವ್ಯವಾಗುತ್ತದೆ. ಮಧ್ಯಾಹ್ನ ಮತ್ತೊಮ್ಮೆ ಹಚ್ಚಿಕೊಳ್ಳುವುದೇ ಈ ದ್ರವವನ್ನು ಬಳಸುವ ಹಳೆಯ ರೀತಿ, ಅದಕ್ಕಾಗಿಯೇ ಅದರ ಸೀಸೆಗಳು ದೊಡ್ಡವಾಗಿರುತ್ತಿದ್ದವು.

ಕಡುಕಂದು ಗಾಜಿನ ಸೀಸೆಯಲ್ಲಿ, ಕುತ್ತಿಗೆಯವರೆಗೆ ತುಂಬಿ, ತಂಪಾದ ಕಪಾಟಿನಲ್ಲಿಟ್ಟರೆ ತೈಲದಿಂದ ಮಾಡಿದ್ದು ಎರಡು ವರ್ಷದವರೆಗೂ, ಎಲೆಯಿಂದ ಮಾಡಿದ್ದು ಒಂದು ವರ್ಷದವರೆಗೂ ಚೆನ್ನಾಗಿರುತ್ತದೆ. ಸೀಸೆ ಅರ್ಧ ಖಾಲಿಯಾದಾಗ ಚಿಕ್ಕ ಸೀಸೆಗೆ ಬದಲಾಯಿಸಿದರೆ ಗಾಳಿಯ ಸಂಪರ್ಕ ಕಡಿಮೆಯಾಗುತ್ತದೆ. ಬಣ್ಣ ಕ್ರಮೇಣ ಗಾಢವಾಗುವುದು ದೋಷವಲ್ಲ. ಕಮಟು ಎಣ್ಣೆಯ ವಾಸನೆ ಬಂದರೆ ಮಾತ್ರ ಅದನ್ನು ಮುಖಕ್ಕೆ ಬಳಸುವುದನ್ನು ನಿಲ್ಲಿಸಬೇಕು.